ಆರ್ಗ್ಯಾನಿಕ್ ಕಲಿಯಬೇಕಾದರೆ ಲ್ಯಾಬಿನ ಬಾಗಿಲು ತೆರೆಯಿರಿ

ಜನವರಿಯ ಒಂದು ಮಧ್ಯಾಹ್ನ ದ್ವಿತೀಯ ಪಿಯುಸಿ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು ತನ್ನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು. ಪುಟದ ತುಂಬ ಕೆಂಪು ಶಾಯಿಯಲ್ಲಿ ನೇಮ್ ರಿಯಾಕ್ಷನ್‌ಗಳು. ಸ್ಯಾಂಡ್‌ಮೇಯರ್, ಕ್ಯಾನಿಜಾರೊ, ರೀಮರ್-ಟೀಮನ್, ರೋಸೆನ್‌ಮಂಡ್, ಎಣಿಸಿದರೆ 64. ‘ಎಲ್ಲಾ ಬಾಯಿಪಾಠ ಆಗಿದೆ ಮೇಡಂ. ಆದ್ರೂ ಮಾಕ್ ಟೆಸ್ಟ್‌ನಲ್ಲಿ ಆರ್ಗ್ಯಾನಿಕ್‌ನಲ್ಲೇ ಮಾರ್ಕ್ಸ್ ಹೋಗ್ತಿದೆ’ ಎನ್ನುವಾಗ ಅವಳ ಗಂಟಲು ಕಟ್ಟಿತ್ತು.

‘ಗೇಬ್ರಿಯಲ್ ವಿಧಾನದಲ್ಲಿ ಅನಿಲೀನ್ ಮಾಡಬಹುದೇನಮ್ಮ?’ ಎಂದು ಕೇಳಿದೆ. ‘ಆಗುತ್ತೆ ಮೇಡಂ, ಅದು ಪ್ರೈಮರಿ ಅಮೈನ್ ಅಲ್ವಾ’ ಎಂದಳು. ಗೇಬ್ರಿಯಲ್ ವಿಧಾನದಲ್ಲಿ ಸಿಗುವುದು ಪ್ರೈಮರಿ ಅಮೈನ್ ಎಂಬುದು ಅವಳಿಗೆ ಗೊತ್ತು. ಅನಿಲೀನ್ ಪ್ರೈಮರಿ ಅಮೈನ್ ಎಂಬುದೂ ಗೊತ್ತು. ಎರಡೂ ಸರಿಯಾಗಿದ್ದು ಉತ್ತರ ಮಾತ್ರ ತಪ್ಪು. ಹಾಳೆ ಕೊಟ್ಟು, ಅನಿಲೀನ್ ಆಗಬೇಕಾದರೆ ಕ್ಲೋರಿನ್ ಬಿಟ್ಟುಕೊಡಬೇಕಾದ ಕ್ಲೋರೋಬೆಂಜೀನ್ ಬರೆಸಿದೆ. ಕ್ಲೋರಿನ್‌ನ ಒಂಟಿ ಜೋಡಿ ಇಲೆಕ್ಟ್ರಾನ್‌ಗಳು ಬೆಂಜೀನ್ ಉಂಗುರದೊಳಗೆ ಹಂಚಿಹೋಗುವುದನ್ನು ಬಾಣದ ಗುರುತಿನಿಂದ ತೋರಿಸು ಎಂದೆ. ಮೂರನೆಯ ಬಾಣ ಹಾಕುವಷ್ಟರಲ್ಲಿ ಪೆನ್ಸಿಲ್ ನಿಂತಿತು. ‘ಹಾಗಾದ್ರೆ ಈ ಬಂಧ ಗಟ್ಟಿಯಾಗುತ್ತಲ್ಲ ಮೇಡಂ, ಕ್ಲೋರಿನ್ ಬಿಟ್ಟುಹೋಗೋದೇ ಇಲ್ಲ!’ ಉತ್ತರ ಅವಳೇ ಹೇಳಿದಳು. ಅವಳ ಪಟ್ಟಿಯ 64 ಸಾಲುಗಳಲ್ಲಿ ಎಲ್ಲೂ ಇಲ್ಲದ ಸಂಗತಿ ಅದು.

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ನಾನು 23 ವರ್ಷದಿಂದ ರಸಾಯನ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಆರ್ಗ್ಯಾನಿಕ್‌ಗೆ ಹೆದರಿ ವೈದ್ಯಕೀಯದ ಆಸೆಯನ್ನೇ ಬಿಟ್ಟ ಜಾಣ ಮಕ್ಕಳನ್ನು ಕಂಡಿದ್ದೇನೆ. ಅವರಲ್ಲಿ ಬುದ್ಧಿ ಕಡಿಮೆ ಇರಲಿಲ್ಲ. ಅರ್ಥ ಮಾಡಿಕೊಳ್ಳಬೇಕಾದ್ದನ್ನು ನಾವು ಅವರಿಂದ ಉರು ಹೊಡೆಸಿದೆವು.

ನೀಟ್‌ನಲ್ಲಿ ಈಗ 180 ಪ್ರಶ್ನೆ, 180 ನಿಮಿಷ, 720 ಅಂಕ. ರಸಾಯನ ವಿಜ್ಞಾನಕ್ಕೆ 45 ಪ್ರಶ್ನೆ; ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಆರ್ಗ್ಯಾನಿಕ್. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅರೆಬರೆ ನೆನಪಿನಿಂದ ಗುರುತು ಹಾಕಿದ ವಿದ್ಯಾರ್ಥಿ ಬರಬೇಕಾದ ನಾಲ್ಕನ್ನೂ ಕಳೆದುಕೊಂಡು ಕೈಯಲ್ಲಿದ್ದ ಒಂದನ್ನೂ ಕೊಡುತ್ತಾನೆ. ಫ್ರಕ್ಟೋಸ್ ಕೀಟೋನ್ ಸಕ್ಕರೆ, ಟಾಲೆನ್ಸ್ ಪರೀಕ್ಷೆಗೆ ಸ್ಪಂದಿಸುವುದು ಆಲ್ಡಿಹೈಡ್. ಹಾಗಾಗಿ ಫ್ರಕ್ಟೋಸ್ ಬೆಳ್ಳಿ ಕನ್ನಡಿ ಕೊಡುವುದಿಲ್ಲ ಎಂದು ಪಟ್ಟಿ ಕಲಿತವರು ಬರೆಯುತ್ತಾರೆ. ಆದರೆ ಆ ದ್ರಾವಣ ಕ್ಷಾರೀಯ. ಕ್ಷಾರದಲ್ಲಿ ಫ್ರಕ್ಟೋಸ್ ಗ್ಲೂಕೋಸ್ ಆಗಿ ಮಾರ್ಪಡುತ್ತದೆ, ಟೆಸ್ಟ್ ಟ್ಯೂಬಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತದೆ. ಒಮ್ಮೆ ಕಣ್ಣಾರೆ ಕಂಡವರು ಇದನ್ನು ಮರೆಯುವುದಿಲ್ಲ.

ಆದರೆ ಕಾಣುವುದಾದರೂ ಎಲ್ಲಿ? ನೀಟ್ ತರಬೇತಿ ಎಂದರೆ ಬೆಳಗ್ಗೆಯಿಂದ ರಾತ್ರಿವರೆಗೆ ಬೆಂಚಿನ ಮೇಲೆ ಕೂತು ಎಂಸಿಕ್ಯೂ ಬಿಡಿಸುವುದು ಎಂಬಂತಾಗಿದೆ. ಎಷ್ಟೋ ಕಡೆ ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ವಾರ ಇರುವಾಗ ಲ್ಯಾಬಿನ ಬೀಗ ತೆಗೆಯುತ್ತಾರೆ. ರೆಕಾರ್ಡ್ ಪುಸ್ತಕ ಹಿಂದಿನ ವರ್ಷದವರದ್ದು ನೋಡಿ ಬರೆದದ್ದು. ಕೇಳಿದರೆ ‘ನೀಟ್‌ನಲ್ಲಿ ಲ್ಯಾಬ್ ಇಲ್ಲವಲ್ಲ’ ಎನ್ನುತ್ತಾರೆ. ಇದು ತಪ್ಪು. 2024ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಪ್ರಾಯೋಗಿಕ ರಸಾಯನ ವಿಜ್ಞಾನದ್ದೇ ಒಂದು ಘಟಕವಿದೆ. ಸಾವಯವ ಸಂಯುಕ್ತಗಳಲ್ಲಿ ಸಾರಜನಕ, ಗಂಧಕ, ಹ್ಯಾಲೋಜನ್‌ಗಳ ಪತ್ತೆ, ಕ್ರಿಯಾತ್ಮಕ ಗುಂಪುಗಳ ಗುರುತಿಸುವಿಕೆ, ಅಸಿಟನಿಲೈಡ್ ಮತ್ತು ಅಯೋಡೋಫಾರಂ ತಯಾರಿಕೆ ಎಲ್ಲವೂ ಅಲ್ಲಿವೆ.

ಅದೇ ಹುಡುಗಿಯನ್ನೂ ಅವಳ ಜೊತೆಯ ಹನ್ನೊಂದು ಮಂದಿಯನ್ನೂ ಮರುದಿನ ಲ್ಯಾಬಿಗೆ ಕರೆದೆ. ಎರಡು ಟೆಸ್ಟ್ ಟ್ಯೂಬ್. ಒಂದರಲ್ಲಿ ಎಥನಾಲ್, ಇನ್ನೊಂದರಲ್ಲಿ ಮೆಥನಾಲ್. ಯಾವುದು ಯಾವುದೆಂದು ಹೇಳಲಿಲ್ಲ. ಎರಡೂ ನೀರಿನಂತೆ ತಿಳಿ. ಎರಡಕ್ಕೂ ಅಯೋಡಿನ್ ದ್ರಾವಣ ಹಾಕಿ, ಕಂದು ಬಣ್ಣ ಹೋಗುವವರೆಗೆ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಟ್ಟು, ಬಿಸಿನೀರಿನ ಬೀಕರಿನಲ್ಲಿ ನಿಲ್ಲಿಸಿದರು. ಕೆಲವು ನಿಮಿಷಕ್ಕೆ ಒಂದರಲ್ಲಿ ತಿಳಿ ಹಳದಿ ಪುಡಿ ಇಳಿಯತೊಡಗಿತು. ‘ಆಸ್ಪತ್ರೆ ವಾಸನೆ ಬರ್ತಿದೆ ಮೇಡಂ’ ಎಂದ ಒಬ್ಬ. ಅದು ಅಯೋಡೋಫಾರಂ, ಗಾಯಕ್ಕೆ ಕಟ್ಟುವ ಪಟ್ಟಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ವಸ್ತು. ಇನ್ನೊಂದು ಟ್ಯೂಬಿನಲ್ಲಿ ಏನೂ ಇಲ್ಲ. ಯಾಕೆ ಎಂದು ಕೇಳಿದೆ. ಎರಡರ ರಚನೆಯನ್ನೂ ಬೋರ್ಡಿನ ಮೇಲೆ ಬರೆದು ಅವರವರೇ ವಾದ ಮಾಡಿಕೊಂಡು, ಆಲ್ಕೋಹಾಲ್ ಗುಂಪು ಕೂತ ಕಾರ್ಬನ್ನಿಗೆ ಅಂಟಿದ ಮೀಥೈಲ್ ಎಥನಾಲ್‌ನಲ್ಲಿದೆ, ಮೆಥನಾಲ್‌ನಲ್ಲಿಲ್ಲ ಎಂಬಲ್ಲಿಗೆ ಬಂದರು.

ಆಗ ಅವರಿಗೆ ಒಂದು ಹಳೆಯ ಸುದ್ದಿ ಹೇಳಿದೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ದೇಹದೊಳಗೆ ಮೆಥನಾಲ್ ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಆಗುತ್ತದೆ. ಆಲ್ಕೋಹಾಲ್ ಉತ್ಕರ್ಷಣಗೊಂಡು ಆಲ್ಡಿಹೈಡ್, ಅದರಿಂದ ಆಮ್ಲ: ಪಾಠದಲ್ಲಿ ಓದಿದ ಅದೇ ಕ್ರಿಯೆ. ಆ ಆಮ್ಲ ಕಣ್ಣಿನ ನರವನ್ನು ಹಾಳುಮಾಡುತ್ತದೆ, ಬದುಕಿ ಉಳಿದವರೂ ಕುರುಡಾಗಬಹುದು. ಇಂಥ ರೋಗಿಗೆ ವೈದ್ಯರು ಕೊಡುವ ಮದ್ದುಗಳಲ್ಲಿ ಒಂದು ಎಥನಾಲ್. ಎರಡನ್ನೂ ಒಡೆಯುವ ಕಿಣ್ವ ಒಂದೇ. ಅದು ಎಥನಾಲ್ ಕಡೆ ತಿರುಗಿದರೆ ಮೆಥನಾಲ್ ವಿಷವಾಗದೆ ಮೆಲ್ಲಗೆ ಹೊರಹೋಗುತ್ತದೆ. ಲ್ಯಾಬಿನಲ್ಲಿ ಯಾರೂ ಮಾತಾಡಲಿಲ್ಲ. ಡಾಕ್ಟರಾಗುವವರು ಇದನ್ನು ಯಾಕೆ ಓದಬೇಕು ಎಂದು ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ.

ಪರೀಕ್ಷೆಗೆ ಕೂರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಪ್ರಥಮ ಪಿಯುಸಿಯ ಮೂಲತತ್ವಗಳ ಪಾಠವನ್ನು ದಾಟಿ ಓಡಬೇಡಿ. ಇಂಡಕ್ಟಿವ್ ಪರಿಣಾಮ, ರೆಸೊನೆನ್ಸ್, ಕಾರ್ಬೊಕ್ಯಾಟಯಾನ್‌ನ ಸ್ಥಿರತೆ, ಈ ಮೂರು ಗಟ್ಟಿಯಾದರೆ ಮುಂದಿನ ಅರ್ಧ ಪಠ್ಯ ತಾನೇ ಬಿಚ್ಚಿಕೊಳ್ಳುತ್ತದೆ. ಎನ್‌ಸಿಇಆರ್‌ಟಿ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿ. ಪುಟ ಮುಚ್ಚಿ ಕ್ರಿಯೆಯನ್ನು ಬಾಣ ಸಮೇತ ಬರೆಯಿರಿ. ಇಲೆಕ್ಟ್ರಾನ್ ಎಲ್ಲಿ ಹೆಚ್ಚಿದೆ, ಎಲ್ಲಿಗೆ ಹೋಗುತ್ತದೆ ಎಂದು ಪ್ರತಿ ಸಲ ಕೇಳಿಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಯಲ್ಲಿ ತಪ್ಪಿದ ಪ್ರತಿ ಪ್ರಶ್ನೆಗೂ ಯಾಕೆ ತಪ್ಪಿತು ಎಂದು ಒಂದು ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ಕೊನೆಯ ವಾರ ನಿಮ್ಮನ್ನು ಕಾಯುವುದು ಆ ಪುಸ್ತಕವೇ. ಹೆಸರುಗಳನ್ನು ನೆನಪಿಡಬೇಕು ನಿಜ, ಆದರೆ ಕಾರಣ ತಿಳಿದ ಮೇಲೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇನ್ನೊಂದು ಮಾತು. ನೀವು ಎಸ್ಸೆಸ್ಸೆಲ್ಸಿಯಲ್ಲಿ ಓದಿದ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಪಾಠವೇ ಇದರ ಬುನಾದಿ. ಬಾಣದ ಗುರುತಿಗೆ ಭಾಷೆಯ ಹಂಗಿಲ್ಲ. ಅರ್ಥವನ್ನು ಕನ್ನಡದಲ್ಲಿ ಮಾಡಿಕೊಳ್ಳಿ, ಇಂಗ್ಲಿಷ್ ಪದ ಹಿಂದೆಯೇ ಬರುತ್ತದೆ.

ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಗಳಲ್ಲಿ, ಇಲಾಖೆಯಲ್ಲಿ ನನ್ನದೊಂದು ಕೋರಿಕೆ. ವೇಳಾಪಟ್ಟಿಯಲ್ಲಿ ಬರೆದಿರುವ ಲ್ಯಾಬ್ ಅವಧಿಯನ್ನು ಲ್ಯಾಬಿಗೇ ಬಿಡಿ. ಆ ದಿನ ನಮಗೆ ಬೇಕಾದದ್ದು ಸ್ವಲ್ಪ ಅಯೋಡಿನ್, ಸ್ವಲ್ಪ ಕ್ಷಾರ, ಒಂದು ಬೀಕರ್ ಬಿಸಿನೀರು, ಅರ್ಧ ಗಂಟೆ.