ಚರ್ಚಿನ ಹಾಡಿನ ತಂಡಕ್ಕೆ ಎಂಥವರು ಬೇಕು?



ನಮ್ಮ ಶಾಲೆಯ ನಾಲ್ಕೈದು ಜನ ಈಗ ಊಟದ ಬಿಡುವಿನಲ್ಲಿ ನೀರಿನ ಟಾಕಿಯ ಹಿಂದೆ ನಿಂತು ಹಾಡು ಕಲಿಯುತ್ತಿರುವುದನ್ನು ನೀವೆಲ್ಲ ನೋಡಿರಬಹುದು. ಕ್ರಿಸ್‌ಮಸ್‌ಗೆ ಮುಂಚೆ ಚರ್ಚಿನ ಹಾಡಿನ ತಂಡಕ್ಕೆ ಹೊಸಬರನ್ನು ಆರಿಸ್ತಾರೆ. ಅದಕ್ಕೆ ಈ ತಯಾರಿ. ನಾನು ಆ ತಂಡದಲ್ಲಿ ಎರಡು ವರ್ಷದಿಂದ ಹಾಡ್ತಾ ಇದ್ದೇನೆ. ಹಾಗಾಗಿ ಈ ಸಲದ ಭಿತ್ತಿಪತ್ರಿಕೆಗೆ ಇದೇ ವಿಷಯ ಬರೆಯುತ್ತೇನೆ ಅಂತ ಅಕ್ಕೋರಿಗೆ ಹೇಳಿದೆ. ಚರ್ಚಿಗೆ ಹೋಗದವರೂ ದಯವಿಟ್ಟು ಓದಿ. ಶಾಲೆಯ ಪ್ರಾರ್ಥನೆಗೆ ಮುಂದೆ ನಿಲ್ಲುವವರನ್ನು, ಊರ ಭಜನೆಗೆ ಹಾಡುವವರನ್ನು ಆರಿಸುವಾಗಲೂ ಇದೇ ತಕರಾರು ಇರ್ತದೆ.

ನನಗೆ ಕಾಣುವುದೇನೆಂದರೆ, ನಮ್ಮವರು ಪ್ರತಿಭಾ ಕಾರಂಜಿಗೆ ಹೋಗುವ ಹಾಗೆ ತಯಾರಿ ಮಾಡ್ತಾ ಇದ್ದಾರೆ. ಅಲ್ಲಿ ಭಾವಗೀತೆ ಹಾಡಿದರೆ ಒಬ್ಬರಿಗೆ ಪ್ರಥಮ, ಒಬ್ಬರಿಗೆ ದ್ವಿತೀಯ, ಉಳಿದವರು ಸರ್ಟಿಫಿಕೇಟು ಹಿಡಿದು ಮನೆಗೆ. ಅದು ಸ್ಪರ್ಧೆ, ಹಾಗೇ ಇರಬೇಕು. ಟೀವಿಯ ಸರಿಗಮಪ ನೋಡಿ ನೋಡಿ ಹಾಡು ಅಂದ್ರೆ ಎತ್ತರಕ್ಕೆ ಏರಿಸಿ, ಉದ್ದ ಎಳೆದು, ಕೊನೆಗೆ ಚಪ್ಪಾಳೆ ತೆಗೆದುಕೊಳ್ಳುವುದು ಅಂತ ಆಗಿಬಿಟ್ಟಿದೆ. ಚರ್ಚಿನಲ್ಲಿ ಹಾಗೆ ಹಾಡಿದರೆ ಏನಾಗ್ತದೆ? ಬೆಂಚಿನಲ್ಲಿ ಕೂತ ಅಜ್ಜಿಯಂದಿರು ಮೊದಲ ಚರಣಕ್ಕೆ ಬಾಯಿ ತೆರೀತಾರೆ, ಎರಡನೆಯದಕ್ಕೆ ಸ್ವರ ಎಟುಕದೆ ಸುಮ್ಮನಾಗ್ತಾರೆ. ಮೂರನೆಯದಕ್ಕೆ ಮೈಕಿನ ಮುಂದಿನವನೊಬ್ಬನೇ. ಎಲ್ಲರೂ ಅವನನ್ನು ನೋಡ್ತಾ ನಿಲ್ಲುವುದು.

ಇದು ನನ್ನೊಬ್ಬಳ ಅಭಿಪ್ರಾಯ ಅಂತ ತಿಳೀಬೇಡಿ. ಮೊದಲು ಕೆಥೋಲಿಕ್ ಚರ್ಚುಗಳಲ್ಲಿ ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಜನರಿಗೆ ಅರ್ಥ ಆಗುತ್ತಿರಲಿಲ್ಲ, ಹಾಡು ಹೆಚ್ಚಾಗಿ ತಂಡದವರ ಪಾಲಿಗೇ ಬರುತ್ತಿತ್ತು. ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಆಯಾ ಜನರ ಭಾಷೆಯನ್ನು ಬಳಸಬಹುದು ಅಂತ ತೀರ್ಮಾನಿಸಿತು. ಹಾಗೆ ನಮ್ಮಲ್ಲಿ ಕನ್ನಡ, ಕೊಂಕಣಿ ಹಾಡುಗಳು ಪೂಜೆಯೊಳಗೆ ಬಂದವು. 1967ರಲ್ಲಿ ಸಂಗೀತದ ಬಗ್ಗೆಯೇ ಒಂದು ಸೂಚನೆ ಬಂತು. ತಂಡವೂ ಸೇರಿದ ಜನರ ಒಂದು ಭಾಗವೇ, ಜನರನ್ನು ಪೂರ್ತಿ ಬಿಟ್ಟು ಎಲ್ಲ ಹಾಡನ್ನೂ ತಂಡದವರಿಗೇ ವಹಿಸುವುದು ಒಳ್ಳೆಯದಲ್ಲ ಅಂತ ಅದರಲ್ಲಿದೆ. ಅಷ್ಟು ದೊಡ್ಡವರು ಹೇಳಿ ಐವತ್ತು ವರ್ಷದ ಮೇಲಾಯ್ತು, ನಾವು ಇನ್ನೂ ಆರಿಸುವಾಗ ಗಂಟಲು ಮಾತ್ರ ನೋಡ್ತೇವೆ.

ನಮ್ಮ ಯಕ್ಷಗಾನವನ್ನೇ ನೋಡಿ. ಭಾಗವತರಿಗೆ ಒಳ್ಳೆ ಸ್ವರ ಬೇಕು, ಸುಳ್ಳಲ್ಲ. ಆದರೆ ಅವರು ವೇಷಧಾರಿಯ ಹೆಜ್ಜೆ ನೋಡಿ ಪದ ಹೇಳ್ತಾರೆ, ಮದ್ದಳೆ ಚಂಡೆಯವರ ಕಡೆ ಕಿವಿ ಇಟ್ಟಿರ್ತಾರೆ. ತನ್ನ ಸ್ವರದಲ್ಲೇ ಮೈಮರೆತರೆ ಕುಣಿಯುವವ ಎಲ್ಲಿ ಕಾಲಿಡಬೇಕು? ಚರ್ಚಿನಲ್ಲಿ ಬೆಂಚಿನ ಮೇಲಿರುವ ಜನರೇ ಆ ವೇಷಧಾರಿ ಅಂತ ತಿಳಿದರೆ ಸಾಕು.

ಹಾಗಾದರೆ ತಯಾರಿ ಹೇಗೆ? ಮೊದಲು ಶ್ರುತಿ. ಹಾರ್ಮೋನಿಯಂನಲ್ಲಿ ಬಿಳಿ ಒಂದು, ಕಪ್ಪು ಎರಡು ಅಂತ ಮನೆಗಳಿವೆಯಲ್ಲ, ಒಂದೊಂದನ್ನೇ ಒತ್ತಿ ಅದೇ ಹಾಡನ್ನು ಹಾಡಿ ನೋಡಿ. ನಿಮ್ಮ ಗಂಟಲಿಗೆ ಎಲ್ಲಿ ಆರಾಮೋ ಅದು ನಿಮ್ಮ ಶ್ರುತಿ. ಮೊಬೈಲಿನಲ್ಲಿ ಕೇಳಿದ ಹಾಡು ಆ ಗಾಯಕನ ಶ್ರುತಿಯಲ್ಲಿರ್ತದೆ, ಅದು ನಿಮ್ಮದಾಗಬೇಕಿಲ್ಲ. ಆಮೇಲೆ ಮನೆಯಲ್ಲಿ ಅಮ್ಮ, ಅಜ್ಜ ಯಾರಾದರೂ ಇದ್ದರೆ ಅವರನ್ನೂ ಸೇರಿಸಿಕೊಂಡು ಹಾಡಿ. ಅವರು ಎಲ್ಲಿ ಬಿಟ್ಟುಬಿಡ್ತಾರೆ ನೋಡಿ, ಅದಕ್ಕಿಂತ ಒಂದೆರಡು ಮನೆ ಕೆಳಗೆ ಶುರು ಮಾಡಿ.

ಎರಡನೆಯದು ಅಕ್ಷರ. ಹಾಡನ್ನು ಕೈಯಲ್ಲಿ ಬರೆದುಕೊಳ್ಳಿ, ಎಲ್ಲಿ ಉಸಿರು ತೆಗೀಬೇಕೋ ಅಲ್ಲಿ ಗೀಟು ಹಾಕಿ. ಒಂದು ಶಬ್ದದ ನಡುವೆ ಉಸಿರು ಕಟ್ಟಾದರೆ ಅರ್ಥ ಹಾಳು. ಕೀರ್ತನೆ ಹಾಡುವಾಗ ಒಬ್ಬರು ಸಾಲು ಹೇಳ್ತಾರೆ, ಜನ ಪಲ್ಲವಿ ಹೇಳ್ತಾರೆ. ಜನರ ಸರದಿ ಬಂದಾಗ ಒಂದು ಕ್ಷಣ ನಿಲ್ಲಬೇಕು. ಈ ನಿಲ್ಲುವುದನ್ನು ಯಾರೂ ಅಭ್ಯಾಸ ಮಾಡುವುದಿಲ್ಲ! ಕೊಂಕಣಿ ಹಾಡಿನ ಪುಸ್ತಕ ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಸಿಗ್ತದೆ. ಆದರೆ ಓದಿದ ಹಾಗೆ ಹಾಡಿದರೆ ಆಗದು, ಮೂಗಿನ ಉಚ್ಚಾರ ಇದೆ. ಮನೆಯಲ್ಲಿ ಕೊಂಕಣಿ ಮಾತಾಡುವ ಗೆಳತಿಯನ್ನು ಕೇಳಿ ತಿದ್ದಿಕೊಳ್ಳಿ. ಅವಳಿಗೆ ಕನ್ನಡದ ಒತ್ತಕ್ಷರ ತೊಡಕಾದರೆ ನೀವು ಹೇಳಿಕೊಡಿ.

ಬಿಸಿನೀರು ಕುಡಿಯುವುದು, ಐಸ್‌ಕ್ಯಾಂಡಿ ಬಿಡುವುದು ಎಲ್ಲರಿಗೂ ಗೊತ್ತೇ ಇದೆ.

ಈಗ ಮುಖ್ಯ ಮಾತು. ಇದು ಎಂಟು, ಒಂಬತ್ತನೇ ತರಗತಿಯ ಹುಡುಗರ ಬಗ್ಗೆ. ಹನ್ನೆರಡರಿಂದ ಹದಿನೈದು ವರ್ಷದೊಳಗೆ ಹೆಚ್ಚಿನ ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗ್ತದೆ, ಧ್ವನಿತಂತುಗಳು ಉದ್ದ ದಪ್ಪ ಆಗ್ತವೆ, ಸ್ವರ ಸುಮಾರು ಒಂದು ಸ್ಥಾಯಿ ಕೆಳಗೆ ಇಳೀತದೆ. ಇಳಿಯುವಾಗ ನಡುವೆ ಒಡೀತದೆ. ಹುಡುಗಿಯರ ಸ್ವರವೂ ಸ್ವಲ್ಪ ಇಳೀತದೆ, ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ನಗುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ಪರೀಕ್ಷೆಗೆ ಹೋದಾಗ ಮೇಲಿನ ಸ್ವರ ಒಡೆದು ಎಲ್ಲರೂ ನಕ್ಕರು. ಆರಿಸುವವರು “ಗಂಟಲು ಸರಿ ಆದಮೇಲೆ ಬಾ” ಅಂದರು. ಏಳನೇ ತರಗತಿವರೆಗೆ ನಮ್ಮ ಶಾಲೆಯಲ್ಲಿ ಅವನಷ್ಟು ಚಂದ ಹಾಡುವವರು ಇರಲಿಲ್ಲ. ಆಮೇಲೆ ಅವನು ಹಾಡಿದ್ದೇ ಇಲ್ಲ, ಜನಗಣಮನಕ್ಕೂ ತುಟಿ ಮಾತ್ರ ಅಲ್ಲಾಡಿಸ್ತಾನೆ.

ಹೇಡನ್ ಅಂತ ಆಸ್ಟ್ರಿಯಾ ದೇಶದ ದೊಡ್ಡ ಸಂಗೀತಗಾರ ಇದ್ದ. ಚಿಕ್ಕವನಿದ್ದಾಗ ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚಿನ ತಂಡದಲ್ಲಿ ಹಾಡುತ್ತಿದ್ದ. ಸ್ವರ ಒಡೆದ ಮೇಲೆ 1749ರಲ್ಲಿ ಅವನನ್ನು ತಂಡದಿಂದ ಕಳಿಸಿಬಿಟ್ಟರು. ಅವನು ಮುಂದೆ ನೂರಕ್ಕೂ ಹೆಚ್ಚು ಸಿಂಫನಿ ಬರೆದ. ಅವನಿಗೆ ಹಾಗೆ ಆಯ್ತು ಅಂತ ನಮ್ಮವರಿಗೂ ಆಗಲಿ ಅಂತ ಬಿಟ್ಟುಬಿಡುವುದಾ? ಒಡೆದ ಸ್ವರದವನಿಗೆ ಕೆಳಗಿನ ನಾಲ್ಕೈದು ಸ್ವರ ಸಿಗ್ತದೆ, ಅಷ್ಟರಲ್ಲಿ ಪಲ್ಲವಿ ಹಾಡಿಸಬಹುದು. ಒಂದು ವರ್ಷ ಎರಡು ವರ್ಷ ತಂಡದೊಳಗೇ ಇಟ್ಟುಕೊಂಡರೆ ದೊಡ್ಡ ಗಂಡು ಸ್ವರ ತಯಾರಾಗಿ ಬರ್ತದೆ. ತಂಡದಲ್ಲಿ ಗಂಡು ಸ್ವರ ಇಲ್ಲ ಅಂತ ಪ್ರತಿ ಡಿಸೆಂಬರ್‌ನಲ್ಲಿ ಗೊಣಗುವವರೂ ನಾವೇ ಅಲ್ವಾ.

ಇನ್ನೊಂದು. ಯಲ್ಲಾಪುರದ ಕಡೆ ಸಿದ್ದಿ ಜನರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ದಮಾಮಿ ಅವರ ಹೆಸರಾದ ಕುಣಿತ. ಹಾಗಾಗಿ ಸಿದ್ದಿ ಹುಡುಗನೊಬ್ಬ ಬಂದ ಕೂಡಲೇ “ನೀನು ಡೋಲು ಬಾರಿಸು” ಅಂತ ಕೈಗೆ ಡೋಲು ಕೊಡುವುದನ್ನು ನಾನೇ ಕಂಡಿದ್ದೇನೆ. ಹಾಡು ನೋಡುವ ಅಂತ ಕೇಳಲೇ ಇಲ್ಲ. ಅವನು ಹಾಡು ಕಲಿತು ಬಂದಿದ್ದ, ಚೀಟಿ ಅಂಗಿಯ ಕಿಸೆಯಲ್ಲೇ ಉಳೀತು.

ಆರಿಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಯಾವ ಹಾಡು ಅಂತ ಒಂದು ವಾರ ಮುಂಚೆ ಹೇಳಿ. ಒಬ್ಬೊಬ್ಬರನ್ನೇ ಮೈಕಿನ ಮುಂದೆ ನಿಲ್ಲಿಸುವ ಬದಲು ಮೂರು ಮೂರು ಜನರನ್ನು ಕೂಡಿಸಿ ಹಾಡಿಸಿ, ಯಾರು ಪಕ್ಕದವರನ್ನು ಕೇಳಿಸಿಕೊಳ್ತಾರೆ ಅಂತ ಆಗ ಗೊತ್ತಾಗ್ತದೆ. ಬಂದವರೆಲ್ಲರಿಗೂ ಮೊದಲು ಹಾಡಲು ಹೇಳಿ, ಡೋಲು ಆಮೇಲೆ.

ನಮ್ಮ ಶಾಲೆಯ ಹಾರ್ಮೋನಿಯಂ ಆಫೀಸಿನ ಪಕ್ಕದ ಕೋಣೆಯಲ್ಲಿದೆ. ಬೀಗದ ಕೈ ಸಂಗೀತದ ಅಕ್ಕೋರ ಹತ್ತಿರ ಇರ್ತದೆ, ಊಟದ ಬಿಡುವಿನಲ್ಲಿ ಕೇಳಿದರೆ ಕೊಡ್ತಾರೆ. ಒಂಬತ್ತನೇ ತರಗತಿಯ ಹುಡುಗರು ಬುಧವಾರ ಬನ್ನಿ. ಆ ದಿನ ಬೇರೆ ಯಾರೂ ಇರುವುದಿಲ್ಲ, ನಗುವವರೂ ಇರುವುದಿಲ್ಲ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ