ಉದ್ದರಿಯ ವಹಿಯೂ ಗಣಕಯಂತ್ರದ ಬಿಲ್ಲೂ



ನಮ್ಮ ಗುಡೂರಿನಲ್ಲಿ, ನಾವಿರುವ ಓಣಿಯ ತಿರುವಿನಲ್ಲಿದ್ದ ಕಿರಾಣಿ ಅಂಗಡಿ ಕಳೆದ ವರ್ಷ ಬಾಗಿಲು ಮುಚ್ಚಿತು. ಸುದ್ದಿ ತಿಳಿದ ಹಳೆಯ ವಿದ್ಯಾರ್ಥಿಗಳು ಕೆಲವರು ಬೆಂಗಳೂರು, ಪುಣೆಗಳಿಂದ ದೂರವಾಣಿ ಮಾಡಿ ಮರುಗಿದರು. ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡಿ ಕೊಂಡ ಪೆಪ್ಪರಮಿಂಟು, ಸೀಸದಕಡ್ಡಿ, ಕೇಳಿದರೆ ಪುಕ್ಕಟೆಯಾಗಿ ಸಿಗುತ್ತಿದ್ದ ಬೆಲ್ಲದ ಚೂರು ಎಲ್ಲರ ನೆನಪಿನಲ್ಲಿಯೂ ಇವೆ. ಅವರ ಮರುಕವನ್ನು ನಾನು ಸಂದೇಹಿಸುವುದಿಲ್ಲ. ಆದರೆ ಮರುಗಿದವರಲ್ಲಿ ಒಬ್ಬರಾದರೂ ಕಳೆದ ಹತ್ತು ವರ್ಷಗಳಲ್ಲಿ ಆ ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆ ಕೊಂಡಿದ್ದರೇ ಎಂದು ನನ್ನೊಳಗೇ ಕೇಳಿಕೊಂಡೆ. ಹಬ್ಬಕ್ಕೆ ಬರುವಾಗ ಕಾರಿನ ಹಿಂಬದಿ ತುಂಬ ಎಣ್ಣೆಯ ಡಬ್ಬಿ, ಸಾಬೂನಿನ ಕಟ್ಟು, ಬೇಳೆಯ ಚೀಲ ಬೆಂಗಳೂರಿನಿಂದಲೇ ಬರುತ್ತವೆ. ತಂದೆತಾಯಿಗೆ ಕೊರತೆಯಾಗಬಾರದೆಂಬ ಪ್ರೀತಿಯಿಂದಲೇ ತರುತ್ತೀರಿ, ಬಲ್ಲೆ. ಆ ಪ್ರೀತಿಗೂ ಅಂಗಡಿಯ ಮುಚ್ಚಿದ ಬಾಗಿಲಿಗೂ ಇರುವ ಸಂಬಂಧವನ್ನು ಕುರಿತೇ ಇಂದಿನ ಬರಹ.

ಮೊದಲಿಗೆ ಊರಿನ ಸ್ಥಿತಿಯನ್ನು ಹೇಳುತ್ತೇನೆ. ಮೊಮ್ಮಕ್ಕಳ ತಲೆಮಾರಿನ ಓದುಗರಿಗೆ ಅದು ತಿಳಿದಿರಲಿಕ್ಕಿಲ್ಲ. ಮೊದಲು ಹುನಗುಂದ ತಾಲ್ಲೂಕಿಗೆ ಸೇರಿದ್ದು ಈಗ ಇಳಕಲ್ಲ ತಾಲ್ಲೂಕಿನಲ್ಲಿರುವ ಗುಡೂರು, ಸುತ್ತಲಿನ ಸೂಳೇಭಾವಿ, ಕಮತಗಿಗಳಂತೆ, ಒಕ್ಕಲುತನದ ಜೊತೆಗೆ ನೇಕಾರಿಕೆಯನ್ನು ನಂಬಿದ ಊರು. ಇಳಕಲ್ಲ ಸೀರೆಯೆಂದು ಪೇಟೆಯಲ್ಲಿ ಮಾರಾಟವಾಗುವ ಸೀರೆಗಳೆಲ್ಲ ಇಳಕಲ್ಲಿನಲ್ಲಿಯೇ ನೇಯಲ್ಪಟ್ಟವಲ್ಲ. ಸುತ್ತಲಿನ ಹಳ್ಳಿಗಳ ಮಗ್ಗಗಳಿಂದ ಬಂದವೂ ಅವುಗಳಲ್ಲಿವೆ. ಮಜೂರಿಯ ಮೇಲೆ ನೇಯುವ ಮನೆಯಲ್ಲಿ ಸೀರೆ ಮಗ್ಗದಿಂದ ಇಳಿದು ಮಾಲಿಕನ ಕೈ ಸೇರುವವರೆಗೆ ದುಡ್ಡು ಬರುವುದಿಲ್ಲ. ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು ಮಾಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದು ಇಳಕಲ್ಲ ಸೀರೆಯ ವೈಶಿಷ್ಟ್ಯ. ಅಷ್ಟು ಕೆಲಸಕ್ಕೆ ದಿನಗಳು ಹಿಡಿಯುತ್ತವೆ. ಒಕ್ಕಲಿಗನಿಗೋ ರಾಶಿಯಾಗಿ ಮಾಲು ಮಾರಾಟವಾದ ಮೇಲೆಯೇ ಹಣ. ಹೊಟ್ಟೆ ಮಾತ್ರ ದಿನಕ್ಕೆ ಎರಡು ಸಲ ಕೇಳುತ್ತದೆ. ಹಸಿವಿಗೂ ಮಜೂರಿಗೂ ನಡುವಿನ ಈ ಅಂತರವನ್ನು ತುಂಬಿದ್ದು ಸರಕಾರವಲ್ಲ, ಬ್ಯಾಂಕೂ ಅಲ್ಲ. ಕಿರಾಣಿ ಅಂಗಡಿಯ ಉದ್ದರಿ.

'ಇಂದು ನಗದು, ನಾಳೆ ಉದ್ದರಿ' ಎಂಬ ಫಲಕದ ಕೆಳಗೆ ಕುಳಿತೇ ಅಂಗಡಿಕಾರನು ಉದ್ದರಿ ಬರೆಯುತ್ತಿದ್ದನು. ಆ ಉದ್ದನೆಯ ವಹಿಯಲ್ಲಿ ನಮ್ಮ ಮನೆಯ ಹೆಸರೂ ಇತ್ತು. ಶಾಲೆಗಳ ಸಂಬಳ ತಡವಾಗುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. "ಸಂಬಳ ಬಂದ ಮ್ಯಾಲೆ ಕೊಡ್ರಿ ಮಾಸ್ತರ, ಅದಕ್ಕೇನ್ರಿ" ಎಂಬ ಮಾತಿಗೆ ಬಡ್ಡಿ ಇರಲಿಲ್ಲ.

(ಬಡ್ಡಿಯನ್ನು ಬೆಲೆಯಲ್ಲಿಯೇ ಸೇರಿಸುತ್ತಿದ್ದರು ಎಂದು ಅರ್ಥಶಾಸ್ತ್ರ ಓದಿದ ನನ್ನ ಅಳಿಯಂದಿರು ಹೇಳುತ್ತಾರೆ. ಇದ್ದೀತು. ಕೇಳುವಾಗ ಮಾತ್ರ ಬಡ್ಡಿ ಕಾಣಿಸುತ್ತಿರಲಿಲ್ಲ. ಮರ್ಯಾದೆಯುಳ್ಳ ಬಡವನಿಗೆ ಅದೂ ದೊಡ್ಡದೇ.)

ಹಾಗೆಂದು ಹಳೆಯ ಅಂಗಡಿಯನ್ನು ದೇವಸ್ಥಾನವಾಗಿಸುವ ಇಚ್ಛೆ ನನಗಿಲ್ಲ. ತಕ್ಕಡಿಯ ಮುಳ್ಳಿನ ಆಟ, ಬೇಳೆಯಲ್ಲಿನ ಹರಳು, ಅಕ್ಷರ ಬಾರದವರ ಲೆಕ್ಕದಲ್ಲಿ ತಾನಾಗಿಯೇ ಬೆಳೆಯುವ ಬಾಕಿ, ಇವೆಲ್ಲ ನಮ್ಮ ಭಾಗದ ಹಳ್ಳಿಗಳಲ್ಲಿ ಇದ್ದವು. ಇದಕ್ಕಿಂತ ಹೀನವಾದುದೊಂದಿತ್ತು. ಕೆಲವು ಕೇರಿಗಳ ಜನರು ಕಟ್ಟೆಯ ಕೆಳಗೆ ನಿಂತು ಕೇಳಬೇಕಾಗಿತ್ತು. ಅವರ ಉಡಿಗೆ ಪೊಟ್ಟಣವನ್ನು ಮೇಲಿನಿಂದ ಎಸೆಯುತ್ತಿದ್ದರು. ಅದನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದೇವೆ. ಇಂದು ಅದೇ ಕೇರಿಯ ಹೆಣ್ಣುಮಗಳು ಪಟ್ಟಣದ ಮಾರ್ಟಿನೊಳಗೆ ಹೋಗಿ, ಬೇಕಾದುದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ದರ ಓದಿ, ಬೇಡವೆನಿಸಿದರೆ ಮರಳಿ ಇಟ್ಟು ಬರಬಲ್ಲಳು. ನಾಲ್ವರು ಗಂಡಸರು ನಿಂತಿರುವಲ್ಲಿ ಬಾಯಿ ಬಿಟ್ಟು ಕೇಳಲಾಗದ ವಸ್ತುಗಳನ್ನು ಬುಟ್ಟಿಗೆ ಹಾಕಿಕೊಳ್ಳಬಲ್ಲಳು. ಮಾರ್ಟನ್ನು ಬಾಯಿಗೆ ಬಂದಂತೆ ಹಳಿಯುವ ನಮ್ಮ ವಯಸ್ಸಿನ ಹಿರಿಯರು ಇದನ್ನು ಮರೆಯಬಾರದು.

ಈಗ ದರದ ಮಾತು. ಗಣಿತ ಕಲಿಸಿದವನಾದ್ದರಿಂದ ಲೆಕ್ಕವಿಲ್ಲದೆ ಮಾತನಾಡಲು ನನಗೆ ಬಾರದು. ದೊಡ್ಡ ಮಾರ್ಟುಗಳಲ್ಲಿ ದರ ಕಡಿಮೆ ಎಂಬುದು ಬಹುಮಟ್ಟಿಗೆ ನಿಜ, ಅದರಲ್ಲಿ ಮೋಸವೇನಿಲ್ಲ. 2002ರಲ್ಲಿ ಮುಂಬಯಿಯ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದು, ಇಂದು ನಮ್ಮ ಹುಬ್ಬಳ್ಳಿಯವರೆಗೂ ಬಂದಿರುವ ಡಿ-ಮಾರ್ಟಿನ ಕ್ರಮವನ್ನೇ ನೋಡಿರಿ. ಸಾಧ್ಯವಾದಲ್ಲೆಲ್ಲ ಕಟ್ಟಡ ಸ್ವಂತದ್ದು. ತಯಾರಕರಿಗೆ ಬೇಗನೆ ಹಣ ಕೊಟ್ಟು ರಿಯಾಯಿತಿ ಪಡೆಯುತ್ತಾರೆ. ನಮ್ಮೂರಿನ ಅಂಗಡಿಕಾರನು ಕೊಳ್ಳುವುದು ಕಂಪನಿಯ ವಿತರಕನಿಂದಲೋ ಪಟ್ಟಣದ ಸಗಟು ವ್ಯಾಪಾರಿಯಿಂದಲೋ, ಅದೂ ಡಜನ್ ಲೆಕ್ಕದಲ್ಲಿ. ಪೊಟ್ಟಣದ ಸಾಮಾನಿನಲ್ಲಿ ಅವನಿಗೆ ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ 10ರ ಆಸುಪಾಸು. ಅದರಲ್ಲಿ ರಿಯಾಯಿತಿ ಕೊಡು ಎಂದರೆ ಅವನು ಎಲ್ಲಿಂದ ಕೊಟ್ಟಾನು?

ಆದರೆ ಹೋಲಿಕೆ ಮಾಡುವಾಗ ಕಿಲೋ ಒಂದರ ದರವನ್ನಷ್ಟೇ ನೋಡಿದರೆ ಸಾಲದು. ಉದಾಹರಣೆಗೆ, ತಿಂಗಳಿಗೆ 3,000 ರೂಪಾಯಿಗಳ ಸಾಮಾನು ಕೊಳ್ಳುವ ಮನೆಯೊಂದಿದೆ ಎನ್ನೋಣ. ಮಾರ್ಟಿನಲ್ಲಿ ನೂರಕ್ಕೆ 8ರಷ್ಟು ಅಗ್ಗವಾದರೆ ಉಳಿತಾಯ 240 ರೂಪಾಯಿ. ಗಂಡಸು ಪಟ್ಟಣಕ್ಕೆ ಹೋಗಿಬರುವ ಬಸ್ಸಿನ ದರ, ನಡುವೆ ಒಂದು ಚಹಾ, ಒಂದು ದಿನದ ಕೂಲಿ ಇವುಗಳನ್ನು ಕಳೆದರೆ ಉಳಿತಾಯವು ಋಣ ಸಂಖ್ಯೆಯಾಗುತ್ತದೆ. ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರಕಾರಿ ಬಸ್ಸಿನಲ್ಲಿ ಅವರಿಗೆ ಟಿಕೇಟಿನ ಹಣವಿಲ್ಲ; ಅದೇ ವರ್ಷದ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೇ ಬರುವಂಥದು. ಬಸ್ಸಿನ ದರ ಸೊನ್ನೆಯಾದ ದಿನ ಪಟ್ಟಣದ ಮಾರ್ಟು ಹಳ್ಳಿಗೆ ಅಷ್ಟರಮಟ್ಟಿಗೆ ಹತ್ತಿರ ಬಂದಂತಾಯಿತು. ಇದರಿಂದ ಹೆಣ್ಣುಮಕ್ಕಳಿಗಾದ ಬಿಡುಗಡೆ ದೊಡ್ಡದು. ನಾನು ಮನಸಾರೆ ಮೆಚ್ಚಿದ್ದೇನೆ. ಆದರೆ ಊರ ಅಂಗಡಿಗೆ ಬರುತ್ತಿದ್ದ ನಗದು ಹಣದ ಒಂದು ಪಾಲು ಆ ಬಸ್ಸನ್ನೇರಿ ಹೋಯಿತು ಎಂಬುದೂ ನಿಜ. ಇದನ್ನು ಯೋಜನೆ ಮಾಡಿದವರು ಎಣಿಸಿರಲಾರರು.

ಇನ್ನೊಂದು ಸಂಗತಿ. ಮಾರ್ಟಿನಲ್ಲಿ ಅಗ್ಗವಾಗುವುದು ದೊಡ್ಡ ಪೊಟ್ಟಣ. ಐದು ಕಿಲೋ ಕೊಂಡವನಿಗೆ ಲಾಭ. ಪಾವು ಕಿಲೋ ಕೊಳ್ಳುವವನಿಗೆ ಅಲ್ಲಿ ಎಡೆಯೇ ಇಲ್ಲ. ಇಪ್ಪತ್ತು ರೂಪಾಯಿಯ ಎಣ್ಣೆ, ಹತ್ತು ರೂಪಾಯಿಯ ಚಹಾಪುಡಿ ಊರ ಅಂಗಡಿಯಲ್ಲಿ ಮಾತ್ರ. (ಈಚಿನ ವರ್ಷಗಳಲ್ಲಿ ಪೊಟ್ಟಣದ ಮೇಲೆ ಗ್ರಾಮಿಗೆ ಇಷ್ಟು, ಕಿಲೋಗೆ ಇಷ್ಟು ಎಂದು ಮುದ್ರಿಸುವ ನಿಯಮ ಬಂದಿದೆ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡಾದರೂ ಓದಿರಿ. 'ಒಂದು ಕೊಂಡರೆ ಒಂದು ಉಚಿತ' ಎಂಬುದರ ನಿಜಸ್ವರೂಪ ಅಲ್ಲಿ ತಿಳಿಯುತ್ತದೆ. ನಾನು ಏಳನೆಯ ಇಯತ್ತೆಯಲ್ಲಿ ಹೇಳಿಕೊಟ್ಟ ಏಕಮಾನ ಪದ್ಧತಿ ಇದಕ್ಕೇ ಇತ್ತು.)

ದೊಡ್ಡವು ಬಂದು ಸಣ್ಣವನ್ನು ನುಂಗುತ್ತವೆ, ಅದು ಲೋಕನಿಯಮ ಎಂದು ಹೇಳುವವರಿದ್ದಾರೆ. ಹಾಗಿದ್ದರೆ ದೊಡ್ಡವು ಉಳಿದಿರಬೇಕಾಗಿತ್ತು. 1997ರಲ್ಲಿ ಚೆನ್ನೈನಲ್ಲಿ ಆರಂಭವಾದ ಸುಭಿಕ್ಷಾ 2008ರ ಹೊತ್ತಿಗೆ ದೇಶದಲ್ಲಿ ಸುಮಾರು 1,600 ಅಂಗಡಿಗಳನ್ನು ತೆರೆದಿತ್ತು. 2009ರಲ್ಲಿ ಅಷ್ಟೂ ಮುಚ್ಚಿದವು. 2001ರಲ್ಲಿ ಹುಟ್ಟಿ ಮನೆಮಾತಾಗಿದ್ದ ಬಿಗ್ ಬಜಾರಿನ ಕಟ್ಟಡಗಳು 2022ರಲ್ಲಿ ಒಂದೊಂದಾಗಿ ರಿಲಯನ್ಸಿನ ವಶವಾದವು, ಫಲಕವೂ ಬದಲಾಯಿತು. ಸಹಕಾರದ ದಾರಿಯೂ ಸಲೀಸಾಗಿರಲಿಲ್ಲ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದದ್ದು 1905ರಲ್ಲಿ ನಮ್ಮ ಪಕ್ಕದ ಗದುಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ. ಆ ಹೆಮ್ಮೆ ನಮಗಿದೆ. 1966ರಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಬೆಲೆಗಳನ್ನು ಹಿಡಿದಿಡಲೆಂದು ದೆಹಲಿಯಲ್ಲಿ ಸೂಪರ್ ಬಜಾರ್ ತೆರೆದರು. ನಮ್ಮ ರಾಜ್ಯದ ಪಟ್ಟಣಗಳಲ್ಲಿಯೂ ಜನತಾ ಬಜಾರುಗಳಿದ್ದವು. ಬೆಂಗಳೂರಿಗೆ ಹೋದವರು ಕೆಂಪೇಗೌಡ ರಸ್ತೆಯ ಜನತಾ ಬಜಾರನ್ನು ನೋಡದೆ ಬರುತ್ತಿರಲಿಲ್ಲ. ದೆಹಲಿಯ ಸೂಪರ್ ಬಜಾರ್ 2002ರಲ್ಲಿ ಮುಚ್ಚಿತು. ದೊಡ್ಡ ಅಂಗಡಿ ಮುಚ್ಚಿದಾಗ ಪಟ್ಟಣದವನು ಮುಂದಿನ ಬೀದಿಗೆ ಹೋಗುತ್ತಾನೆ. ಹಳ್ಳಿಯ ಓಣಿಯ ಅಂಗಡಿ ಮುಚ್ಚಿದರೆ, ಮೊಣಕಾಲು ನೋವಿನ ಮುದುಕಿ ಎಲ್ಲಿಗೆ ಹೋಗಬೇಕು?

ನಗರಗಳಲ್ಲಿ ಈಗ ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಂದುಕೊಡುವ ಹೊಸ ಕ್ರಮ ಬಂದಿದೆ. ಅದರ ಪೆಟ್ಟಿಗೆ ಒಂದು ವರ್ಷದಲ್ಲಿ ದೇಶದ 2 ಲಕ್ಷ ಕಿರಾಣಿ ಅಂಗಡಿಗಳು ಮುಚ್ಚಿದವೆಂದು ಅಖಿಲ ಭಾರತ ಮಟ್ಟದ ವಿತರಕರ ಒಕ್ಕೂಟವೊಂದು 2024ರ ಅಕ್ಟೋಬರಿನಲ್ಲಿ ಅಂದಾಜು ಮಾಡಿತು. ವಿತರಕರು ತಾವೇ ಪೆಟ್ಟು ತಿಂದವರು. ಅವರ ಅಂಕಿಯನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಅರ್ಧಕ್ಕೆ ಇಳಿಸಿದರೂ ಒಂದು ಲಕ್ಷ ಸಂಸಾರಗಳು.

ಸರಕು ಮತ್ತು ಸೇವಾ ತೆರಿಗೆಯ ಭಯವೂ ಸಣ್ಣದಲ್ಲ. 2025ರ ಜುಲೈನಲ್ಲಿ ಮೊಬೈಲಿನ ಮೂಲಕ ಪಡೆದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದುದು ನೆನಪಿರಬಹುದು. ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿಗಳ ವಹಿವಾಟಿಗೆ 29 ಲಕ್ಷ ತೆರಿಗೆ ಕಟ್ಟೆಂಬ ನೋಟೀಸು ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಸರಕಾರ ಅದೇ ತಿಂಗಳು ಭರವಸೆ ಕೊಟ್ಟಿತು. ಅಷ್ಟರೊಳಗೆ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದದ್ದಾಗಿತ್ತು. ಸರಕು ಮಾರುವವರು ನೋಂದಣಿ ಮಾಡಿಸಬೇಕಾದ ಮಿತಿ ವರ್ಷಕ್ಕೆ 40 ಲಕ್ಷ. ಕೇಳಲು ದೊಡ್ಡ ಮೊತ್ತ. ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು 11,000 ರೂಪಾಯಿಗಳ ವ್ಯಾಪಾರ. ನೂರಕ್ಕೆ 10ರಂತೆ ವರ್ಷಕ್ಕೆ 4 ಲಕ್ಷ ಉಳಿಕೆ. ಅದರಲ್ಲಿ ಬಾಡಿಗೆ, ವಿದ್ಯುತ್ತು, ಇಲಿ ತಿಂದದ್ದು, ಮುಳುಗಿದ ಉದ್ದರಿ ಕಳೆಯಿರಿ. ನೀವು ಊಹಿಸುವಂಥ ಸಾಹುಕಾರನು ಅಲ್ಲಿ ಕಾಣುವುದಿಲ್ಲ.

ಇಷ್ಟಾದರೂ, ನಮ್ಮ ಓಣಿಯ ಅಂಗಡಿಯನ್ನು ಮುಚ್ಚಿಸಿದ್ದು ತೆರಿಗೆಯೂ ಅಲ್ಲ, ಮಾರ್ಟೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಮುಚ್ಚುವ ಮುನ್ನ ಅಂಗಡಿಕಾರನು ನನ್ನೆದುರು ತನ್ನ ವಹಿಯನ್ನು ಬಿಚ್ಚಿಟ್ಟು, "ನೋಡ್ರಿ ಮಾಸ್ತರ, ರೊಕ್ಕ ಇದ್ದವರೆಲ್ಲ ಪ್ಯಾಟಿಗೆ ಹೋದ್ರು, ಇಲ್ಲದವರು ನನಗ ಉಳದ್ರು" ಎಂದನು. ಈ ಒಂದು ಮಾತಿನಲ್ಲಿ ಕಿರಾಣಿ ಅಂಗಡಿಯ ಸಂಪೂರ್ಣ ಗಣಿತವಿದೆ. ಉದ್ದರಿಯು ಆಕಾಶದಿಂದ ಬೀಳುವುದಿಲ್ಲ. ನೌಕರರು, ಪಿಂಚಣಿದಾರರು, ಮಕ್ಕಳು ಪಟ್ಟಣದಲ್ಲಿ ದುಡಿಯುವ ಮನೆಗಳವರು ನಗದು ಕೊಟ್ಟು ಕೊಳ್ಳುತ್ತಿದ್ದರು. ಆ ನಗದಿನಿಂದ ಅವನು ಸಗಟು ವ್ಯಾಪಾರಿಗೆ ಹಣ ಕಟ್ಟಿ ಮಾಲು ತರುತ್ತಿದ್ದನು. ಆ ಮಾಲಿನಲ್ಲಿ ಒಂದು ಪಾಲು ನೇಕಾರರ ಮನೆಗೆ ಉದ್ದರಿಯಾಗಿ ಹೋಗುತ್ತಿತ್ತು. ಈಗ ನಗದಿನವರು ತಿಂಗಳ ಸಾಮಾನನ್ನು ಬಾಗಲಕೋಟೆಯಿಂದಲೋ ಇಳಕಲ್ಲಿನಿಂದಲೋ ತರುತ್ತಾರೆ. ಊರ ಅಂಗಡಿಗೆ ಹೋಗುವುದು ಉಪ್ಪು ಮುಗಿದಾಗ, ರಾತ್ರಿ ಎಂಟಕ್ಕೆ ನೆಂಟರು ಬಂದಾಗ, ಕಡ್ಡಿಪೆಟ್ಟಿಗೆಗೆ. ವಹಿಯ ಪುಟಗಳು ಹೆಚ್ಚುತ್ತವೆ, ಗಲ್ಲೆಯಲ್ಲಿನ ನಾಣ್ಯಗಳು ಕಡಿಮೆಯಾಗುತ್ತವೆ. ಮುಚ್ಚಿದ ಮೇಲೆ ನಗದಿನವರಿಗೆ ಏನೂ ಆಗುವುದಿಲ್ಲ, ಅವರಿಗೆ ಮಾರ್ಟಿದೆ. ಮಗ್ಗದ ಮೇಲೆ ಅರ್ಧ ಸೀರೆ ಇರುವ ಮನೆಯಲ್ಲಿ ಮಾತ್ರ ಆ ವಾರ ಒಲೆಯ ಚಿಂತೆ. ಅವರು ಈಗ ಕಿರುಸಾಲದ ಸಂಘಗಳ ಕಡೆಗೆ ನಡೆದಿದ್ದಾರೆ. ಅಲ್ಲಿ ಬಡ್ಡಿಯುಂಟು, ವಾರದ ಕಂತುಂಟು, ಕಂತು ತಪ್ಪಿದರೆ ಬಾಗಿಲಿಗೆ ಬರುವವರುಂಟು. ಹತ್ತು ರೂಪಾಯಿಯ ಚಹಾಪುಡಿಯನ್ನು ಅಲ್ಲಿ ಕೇಳಲಾಗದು.

ಪಿಂಚಣಿಯವನಾದ ನಾನು ಆ ನಗದಿನವರ ಪಂಕ್ತಿಯಲ್ಲಿಯೇ ಕುಳಿತಿದ್ದೇನೆ. ಆದ್ದರಿಂದ ನಮ್ಮಂಥವರನ್ನೇ ಕುರಿತು ಹೇಳುತ್ತಿದ್ದೇನೆ. ಮಾರ್ಟಿಗೆ ಹೋಗಬೇಡಿರೆಂದು ಹೇಳುವುದಿಲ್ಲ. ಹೇಳಿದರೆ ನನ್ನ ಸೊಸೆಯೇ ನಗುತ್ತಾಳೆ. ಸಾಬೂನು, ಎಣ್ಣೆಯ ದೊಡ್ಡ ಡಬ್ಬಿ, ಮಕ್ಕಳ ಬಿಸ್ಕತ್ತು ಅಲ್ಲಿಂದ ಬರಲಿ. ಬೇಳೆ, ಬೆಲ್ಲ, ಶೇಂಗಾ, ಪುಠಾಣಿ, ಗುರೆಳ್ಳು, ಮೆಣಸಿನಕಾಯಿ ಊರ ಅಂಗಡಿಯಿಂದ, ನಗದು ಕೊಟ್ಟು ಬರಲಿ. ಇವುಗಳಲ್ಲಿ ದರದ ಅಂತರ ಬಹಳವಿರುವುದಿಲ್ಲ; ಗುಣದಲ್ಲಿ ಹಲವು ವೇಳೆ ಊರದೇ ಮೇಲು. ಅಂಗಡಿಕಾರರಿಗೂ ಒಂದು ಮಾತು: ತೂಕ ಗ್ರಾಹಕರಿಗೆ ಕಾಣುವಂತೆ ಯಂತ್ರವನ್ನು ಈ ಕಡೆಗೆ ತಿರುಗಿಸಿ ಇಡಿರಿ, ಉದ್ದರಿಯ ಲೆಕ್ಕವನ್ನು ಕೊಂಡವರ ಕೈಯಲ್ಲಿಯೂ ಒಂದು ಪುಸ್ತಕದಲ್ಲಿ ಬರೆದುಕೊಡಿರಿ, ಯಾರನ್ನೂ ಕಟ್ಟೆಯ ಕೆಳಗೆ ನಿಲ್ಲಿಸಬೇಡಿರಿ.

ಮತ್ತೆ ಲೆಕ್ಕ. ನಗದಿನ 20 ಮನೆಗಳು ತಿಂಗಳಿಗೆ ತಲಾ 1,500 ರೂಪಾಯಿಗಳ ಸಾಮಾನು ಒಂದೇ ಅಂಗಡಿಯಲ್ಲಿ ಕೊಂಡರೆ 30,000 ರೂಪಾಯಿ. ಅಂಗಡಿಕಾರನಿಗೆ ಉಳಿಯುವುದು 3,000ವೇ ಆದರೂ, 30,000ದ ಮಾಲನ್ನು ಅವನು ಮತ್ತೆ ನಗದು ಕೊಟ್ಟು ತರಬಲ್ಲನು. ನಮ್ಮ ಓಣಿಯ ಬಾಗಿಲು ಇನ್ನು ತೆರೆಯಲಾರದು. ಆ ಜಾಗದಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಬಂದಿದೆ. ಊರಿನಲ್ಲಿ ಬೇರೆ ಕಿರಾಣಿ ಅಂಗಡಿಗಳು ಇನ್ನೂ ಇವೆ, ರಾತ್ರಿ ಒಂಬತ್ತರವರೆಗೆ ತೆರೆದಿರುತ್ತವೆ. ನಾಗರಪಂಚಮಿಗೆ ಬರುವವರು ಎಳ್ಳುಂಡಿಗೆ, ಶೇಂಗಾದ ಉಂಡಿಗೆ, ತಂಬಿಟ್ಟಿಗೆ ಬೇಕಾದುದನ್ನು ಬೆಂಗಳೂರಿನಿಂದ ಕಟ್ಟಿಕೊಂಡು ಬರಬೇಡಿರಿ. ಬೆಲ್ಲ ಎಷ್ಟು ಬೇಕೆಂದು ಎಂಟು ದಿನ ಮೊದಲು ತಿಳಿಸಿದರೆ ನಾನೇ ಅಂಗಡಿಯಲ್ಲಿ ಹೇಳಿ ಇಡಿಸುತ್ತೇನೆ.