ನೆಲದ ಟಿಕೆಟ್ ಎಲ್ಲಿ ಹೋಯಿತು?

ನಮ್ಮ ಕಡೆಯ ಜಾತ್ರೆಗಳಲ್ಲಿ ಕ್ಯಾಂಪ್ ಹಾಕುತ್ತಿದ್ದ ನಾಟಕ ಕಂಪನಿಗಳಲ್ಲಿ ಕುರ್ಚಿಗೊಂದು ದರ, ನೆಲಕ್ಕೊಂದು ದರ. ಸಿರುಗುಪ್ಪದ ಗಿರಣಿ ಹಮಾಲನೂ ಕುರುಗೋಡಿನ ಕೂಲಿಯವನೂ ನೆಲದ ಮೇಲೆ ಕೂತು, ಸಾಹುಕಾರ ಕೇಳಿದ ಹಾಡನ್ನೇ ಕೇಳುತ್ತಿದ್ದರು. ಅದು ಸಮಾನತೆಯಲ್ಲ, ನಿಜ. ಆದರೆ ಬಾಗಿಲು ಮುಚ್ಚಿರಲಿಲ್ಲ.

ಈಗ ಬಾಗಿಲು ಮೊಬೈಲಿನೊಳಗಿದೆ. 2024ರ ಸೆಪ್ಟೆಂಬರಿನಲ್ಲಿ ಮುಂಬೈಯ ಕೋಲ್ಡ್‌ಪ್ಲೇ ಕಾರ್ಯಕ್ರಮದ ಟಿಕೆಟ್‌ಗಳನ್ನು 2,500ರಿಂದ 35,000 ರೂಪಾಯಿಗೆ ಮಾರಾಟಕ್ಕಿಟ್ಟರು. ಕ್ಷಣಾರ್ಧದಲ್ಲಿ ಖಾಲಿ! ಕಾಳಸಂತೆಯಲ್ಲಿ ಅವುಗಳಿಗೇ ಲಕ್ಷಗಟ್ಟಲೆ ಬೆಲೆ. ಮುಂಬೈಯ ಈ ರೋಗ ಬಳ್ಳಾರಿಗೆ ಬರಲು ಎಷ್ಟು ಹೊತ್ತು?

ಕಲಾವಿದನಿಗೆ ಸಂಭಾವನೆ ಬೇಡವೇ? ಖಂಡಿತ ಬೇಕು. ಆದರೆ 500 ರೂಪಾಯಿವರೆಗಿನ ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ. ಬಡವನಿಗೂ ಒಂದು ಟಿಕೆಟ್ ಇರಬೇಕೆಂಬುದು ತೆರಿಗೆಯವರಿಗೇ ಗೊತ್ತಿದೆ, ಸಂಘಟಕರಿಗೆ ಗೊತ್ತಿಲ್ಲ!

ಬಳ್ಳಾರಿಯಲ್ಲಿ ಸಾರ್ವಜನಿಕ ಮೈದಾನ ಕೊಡುವಾಗ ಆಡಳಿತ ಷರತ್ತು ಹಾಕಲಿ: ಕಾಲುಭಾಗ ಟಿಕೆಟ್‌ಗಳ ದರ ಅರ್ಧ ದಿನದ ಕೂಲಿ ಮೀರಬಾರದು, ಅವನ್ನು ಕೌಂಟರಿನಲ್ಲೇ, ಸಾಲಿನಲ್ಲಿ ನಿಂತವರ ಕೈಗೇ ಕೊಡಬೇಕು. ಸಿರುಗುಪ್ಪ, ಕುರುಗೋಡಿನಲ್ಲೂ ಒಂದೊಂದು ಕೌಂಟರ್ ಇರಲಿ.

ಸಂಗೀತ ಎಲ್ಲರದೆಂದು ವೇದಿಕೆಯಲ್ಲಿ ಹೇಳಿ, ಜೀನ್ಸ್ ಹೊಲಿಯುವವನನ್ನು ಗೇಟಿನಾಚೆ ನಿಲ್ಲಿಸುವುದು ಕಲೆಗೇ ಅವಮಾನ.